ಚೆಂಡು ದೂರ ಹೋದಷ್ಟೂ ಅಂಗಳ ಹಿಗ್ಗಬೇಕೇ?

1984ರ ಜುಲೈ 20ರಂದು ಪೂರ್ವ ಬರ್ಲಿನ್‌ನಲ್ಲಿ ಊವೆ ಹೋನ್ ಎಸೆದ ಜಾವೆಲಿನ್ 104.80 ಮೀಟರ್ ದೂರಕ್ಕೆ ಹೋಗಿ ನೆಲ ಮುಟ್ಟಿತು. ನೂರು ಮೀಟರ್ ದಾಟಿದ ಮೊದಲ ಎಸೆತ ಅದು. ಜಗತ್ತು ಬೆರಗಾಯಿತು, ಅಥ್ಲೆಟಿಕ್ಸ್ ಆಡಳಿತಗಾರರಿಗೆ ಮಾತ್ರ ಚಿಂತೆ ಹತ್ತಿತು. ಇನ್ನಷ್ಟು ದೂರ ಹಾರಿದರೆ ಈಟಿ ಮೈದಾನದ ಆಚೆ ಬದಿಯ ಓಟದ ಪಥಕ್ಕೆ ಬೀಳುವ ಅಪಾಯವಿತ್ತು. ಚಪ್ಪಟೆಯಾಗಿ ಬೀಳುತ್ತಿದ್ದ ಈಟಿಯ ಎಸೆತ ಸರಿಯೋ ತಪ್ಪೋ ಎಂಬ ಜಗಳಗಳೂ ಇದ್ದವು. ಹಾಗೆಂದು ಜಗತ್ತಿನ ಕ್ರೀಡಾಂಗಣಗಳನ್ನೆಲ್ಲ ಒಡೆದು ದೊಡ್ಡದು ಮಾಡಲಿಲ್ಲ. 1986ರಲ್ಲಿ ಪುರುಷರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಈಟಿ ಬೇಗ ಮೂತಿ ಬಾಗಿಸತೊಡಗಿತು, ದೂರ ಕುಗ್ಗಿತು. ಅದರಿಂದ ಆಟದ ಕಳೆ ಕುಂದಲಿಲ್ಲ. 2025ರ ಮೇ ತಿಂಗಳಲ್ಲಿ ದೋಹಾದಲ್ಲಿ ನೀರಜ್ ಚೋಪ್ರಾ 90.23 ಮೀಟರ್ ಎಸೆದಾಗ ದೇಶವೇ ಸಂಭ್ರಮಿಸಿತು. ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅವರು 86.18 ಮೀಟರ್ ಎಸೆದು ಗೆದ್ದಾಗ, ಹೋನ್‌ಗಿಂತ ಕಡಿಮೆಯಾಯಿತೆಂದು ಯಾರೂ ಕೊರಗಲಿಲ್ಲ.

ಗಾಲ್ಫ್ ಹಿಡಿದದ್ದು ಇದಕ್ಕೆ ತೀರಾ ಎದುರಾದ ದಾರಿ. ನೂರು ವರ್ಷಕ್ಕೂ ಮಿಕ್ಕಿ, ಚೆಂಡು ದೂರ ಹೋದಾಗಲೆಲ್ಲ ಅಲ್ಲಿ ಅಂಗಳವನ್ನೇ ಹಿಗ್ಗಿಸುತ್ತ ಬಂದಿದ್ದಾರೆ. ಅದರ ಬೆಲೆಯನ್ನು ನೆಲ, ನೀರು ಮತ್ತು ಆಟದ ಸೊಗಸು ಮೂರೂ ತೆರುತ್ತಿವೆ. ಈ ಓಟಕ್ಕೆ ಕಡೆಗೂ ಕಡಿವಾಣ ಹಾಕುವ ನಿರ್ಧಾರವಾಗಿದೆ. ಅದು ಏಕೆ ಬೇಕಿತ್ತು ಎಂಬುದನ್ನು ಗಾಲ್ಫ್ ಆಡದವರೂ ತಿಳಿಯುವುದು ಒಳ್ಳೆಯದು. ಏಕೆಂದರೆ ಈ ಆಟದಷ್ಟು ನೆಲ ಬೇಡುವ ಆಟಗಳು ವಿರಳ.

ಅಂಗಳ ಎಂಬ ಪ್ರಶ್ನೆಪತ್ರಿಕೆ

ಪೂರ್ಣ ಪ್ರಮಾಣದ ಗಾಲ್ಫ್ ಅಂಗಳದಲ್ಲಿ 18 ಹೋಲ್‌ಗಳು. ಪ್ರತಿಯೊಂದರಲ್ಲೂ ಮೊದಲ ಹೊಡೆತ ಟೀ ಎಂಬ ಸಮತಟ್ಟಾದ ಕಟ್ಟೆಯಿಂದ. ಅಲ್ಲಿಂದ ಮುಂದೆ ಹದವಾಗಿ ಕತ್ತರಿಸಿದ ಹುಲ್ಲಿನ ಫೇರ್‌ವೇ, ಕೊನೆಗೆ ನುಣುಪಾದ ಗ್ರೀನ್, ಅದರಲ್ಲಿ ಚೆಂಡು ಸೇರಬೇಕಾದ ಕುಳಿ. ಇಕ್ಕೆಲದಲ್ಲಿ ಎತ್ತರದ ಹುಲ್ಲಿನ ರಫ್, ಮರಳು ತುಂಬಿದ ಬಂಕರ್, ಕೆಲವೆಡೆ ಕೆರೆ, ತೊರೆ. ನುರಿತ ಆಟಗಾರ ಒಂದು ಹೋಲ್ ಮುಗಿಸಲು ತೆಗೆದುಕೊಳ್ಳಬೇಕಾದ ಹೊಡೆತಗಳ ಲೆಕ್ಕವೇ ಪಾರ್.

ಇದರಲ್ಲಿ ಯಾವುದೂ ಸುಮ್ಮನೆ ಇಟ್ಟದ್ದಲ್ಲ. ಮೊದಲ ಹೊಡೆತ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿಯೇ ವಿನ್ಯಾಸಕ ಅಲ್ಲೊಂದು ಬಂಕರ್ ಅಗೆಸುತ್ತಾನೆ. ಧೈರ್ಯ ಮಾಡಿ ಅದರ ಅಂಚಿಗೆ ಹೊಡೆದವನಿಗೆ ಮುಂದಿನ ಹೊಡೆತ ಸಲೀಸು. ಅಂಜಿ ದೂರ ಸರಿದವನಿಗೆ ಕಷ್ಟ. ಅಂಗಳ ಕೇಳುವ ಪ್ರಶ್ನೆ ಇದು. 230 ಗಜದಲ್ಲಿರುವ ಬಂಕರಿನ ಮೇಲೆ ಚೆಂಡು 300 ಗಜಕ್ಕೆ, ಅಂದರೆ ಸುಮಾರು 274 ಮೀಟರಿಗೆ, ಹಾರಿಹೋದರೆ ಆ ಪ್ರಶ್ನೆಯೇ ಇಲ್ಲವಾಗುತ್ತದೆ.

ದೂರ ಬೆಳೆದ ಬಗೆ

ಗರಿ ತುಂಬಿದ ತೊಗಲಿನ ಚೆಂಡಿನ ಕಾಲದಿಂದಲೂ ದೂರದ ಹಂಬಲ ಆಟದೊಂದಿಗೇ ಇದೆ. 1848ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಮರದಂಟಿನ ಚೆಂಡು ಬಂತು. 1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರ್ ಎಳೆಗಳನ್ನು ಬಿಗಿಯಾಗಿ ಸುತ್ತಿದ ಚೆಂಡನ್ನು ರೂಪಿಸಿದರು. 1902ರಲ್ಲಿ ಇಂಗ್ಲೆಂಡಿನ ಹೊಯ್‌ಲೇಕ್‌ನಲ್ಲಿ ಸ್ಯಾಂಡಿ ಹರ್ಡ್ ಅದೇ ಚೆಂಡಿನಿಂದ ಬ್ರಿಟನ್ನಿನ ಹೆಸರಾಂತ ಟೂರ್ನಿ ಓಪನ್ ಗೆದ್ದ ಮೇಲೆ ಹಳೆಯ ಚೆಂಡು ಮೂಲೆ ಸೇರಿತು. ಅಂಗಳಗಳ ಉದ್ದ ಹೆಚ್ಚಿಸುವ ಕೆಲಸವೂ ಜೋರಾಯಿತು. ಆಗಸ್ಟಾ ನ್ಯಾಷನಲ್ ಅಂಗಳದ ವಿನ್ಯಾಸಕ ಆಲಿಸ್ಟರ್ ಮೆಕೆಂಜಿ ಚೆಂಡಿಗೊಂದು ಮಿತಿ ಬೇಕೆಂದು 1930ರ ದಶಕದಲ್ಲೇ ಬರೆದಿದ್ದರು.

ನಿಜವಾದ ನೆಗೆತ ಕಂಡದ್ದು ಕಳೆದ 45 ವರ್ಷಗಳಲ್ಲಿ. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ 1980ರಲ್ಲಿ ಡ್ರೈವರ್ ಎಂಬ, ಟೀಯಿಂದ ದೂರಕ್ಕೆ ಹೊಡೆಯುವ ಕೋಲಿನ ಹೊಡೆತದ ಸರಾಸರಿ ದೂರ ಸುಮಾರು 257 ಗಜ. ಆ ವರ್ಷ ಎಲ್ಲರಿಗಿಂತ ದೂರ ಹೊಡೆದ ಡ್ಯಾನ್ ಪೋಲ್ ಅವರ ಸರಾಸರಿ 274 ಗಜ. 2023ರ ಹೊತ್ತಿಗೆ ಟೂರ್‌ನ ಸರಾಸರಿಯೇ 300 ಗಜದ ಹತ್ತಿರ ಬಂದಿತ್ತು. ಅಂದು ದೈತ್ಯ ಎನಿಸಿಕೊಂಡವರಿಗಿಂತ ಇಂದಿನ ಸಾಧಾರಣ ವೃತ್ತಿಪರ ಸುಮಾರು 25 ಗಜ ಮುಂದೆ. 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ರೋರಿ ಮೆಕಿಲ್ರಾಯ್ ಸರಾಸರಿ 326 ಗಜ.

ಇದಕ್ಕೆ ಕಾರಣ ಒಂದೇ ಅಲ್ಲ. ಹಿಂದೆ ಡ್ರೈವರಿನ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಿಂದ ಕೆತ್ತುತ್ತಿದ್ದರು. 1979ರ ನಂತರ ಉಕ್ಕಿನದು ಬಂತು, 90ರ ದಶಕದಲ್ಲಿ ಟೈಟಾನಿಯಂನದು. ಟೈಟಾನಿಯಂ ಹಗುರ, ಆದ್ದರಿಂದ ತಲೆ ಉಬ್ಬುತ್ತ ಹೋಯಿತು. ಕೊನೆಗೆ 2004ರಲ್ಲಿ 460 ಘನ ಸೆಂಟಿಮೀಟರಿಗೆ ಮಿತಿ ಹಾಕಬೇಕಾಯಿತು. ಮರದ ಡ್ರೈವರಿನಲ್ಲಿ ಚೆಂಡು ನಟ್ಟನಡುವೆ ತಾಗದಿದ್ದರೆ ಶಿಕ್ಷೆ ಖಚಿತವಾಗಿತ್ತು. ಹೊಸದು ಅಂಚಿಗೆ ತಾಗಿದರೂ ಕ್ಷಮಿಸುತ್ತದೆ. ಆಟಗಾರ ಹೆದರಿಕೆ ಬಿಟ್ಟು ಮೈಯೆಲ್ಲ ಹಾಕಿ ಬೀಸಬಹುದು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಚೆಂಡಿನದು. 2000ನೇ ಇಸವಿಯವರೆಗೆ ಹೆಚ್ಚಿನ ವೃತ್ತಿಪರರು ಬಳಸುತ್ತಿದ್ದುದು ಒಳಗೆ ರಬ್ಬರ್ ಎಳೆ ಸುತ್ತಿದ, ಮೆದು ಹೊದಿಕೆಯ ಚೆಂಡು. ಗ್ರೀನ್ ಬಳಿಯ ಸಣ್ಣ ಹೊಡೆತದಲ್ಲಿ ಅದು ಹಿಂದಕ್ಕೆ ಗಿರಗಿರನೆ ಸುತ್ತಿ ಬಿದ್ದಲ್ಲೇ ನಿಲ್ಲುತ್ತಿತ್ತು. ಡ್ರೈವರಿನಿಂದ ಹೊಡೆದಾಗಲೂ ಅಷ್ಟೇ ಸುತ್ತುವುದರಿಂದ ಮೇಲೆದ್ದು, ಗಾಳಿಗೆ ಸಿಕ್ಕಿ, ದೂರ ಕಳೆದುಕೊಳ್ಳುತ್ತಿತ್ತು. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕಿತ್ತು. 2000ದ ಅಕ್ಟೋಬರ್‌ನಲ್ಲಿ ಬಂದ ಟೈಟ್ಲಿಸ್ಟ್ ಪ್ರೊ ವಿ1 ಆ ಕಟ್ಟು ಮುರಿಯಿತು. ಗಟ್ಟಿ ತಿರುಳು, ನಡುವೆ ಒಂದು ಪದರ, ಹೊರಗೆ ತೆಳು ಯುರೆಥೇನ್ ಹೊದಿಕೆ. ಡ್ರೈವರಿಗೆ ಕಡಿಮೆ ಸುತ್ತು, ಸಣ್ಣ ಹೊಡೆತಕ್ಕೆ ಹೆಚ್ಚು ಸುತ್ತು. ಲಾಸ್ ವೇಗಸ್‌ನ ಟೂರ್ನಿಯಲ್ಲಿ ಅದು ಬಳಕೆಗೆ ಬಂದ ಮೊದಲ ವಾರವೇ 47 ಆಟಗಾರರು ಹಳೆಯ ಚೆಂಡು ಬಿಟ್ಟು ಇದನ್ನು ಹಿಡಿದರು, ಇದರಲ್ಲೇ ಆಡಿದ ಬಿಲ್ಲಿ ಆಂಡ್ರೇಡ್ ಗೆದ್ದರು. ಟೂರ್‌ನ ಸರಾಸರಿ 2000ದಲ್ಲಿ 273 ಗಜ ಇದ್ದದ್ದು 2003ರಲ್ಲಿ 286ಕ್ಕೆ ಏರಿತು.

ಆಟಗಾರರ ಕಸರತ್ತು, ಆಹಾರ, ಚೆಂಡಿನ ಹಾದಿಯನ್ನು ಅಳೆಯುವ ರಾಡಾರ್ ಯಂತ್ರಗಳು, ಗಟ್ಟಿ ನೆಲದ ಫೇರ್‌ವೇಗಳು ಕೂಡ ಈ ಏರಿಕೆಯಲ್ಲಿ ಪಾಲು ಪಡೆದಿವೆ. ಆದರೆ ಮೂರೇ ವರ್ಷದಲ್ಲಿ ಇಡೀ ಟೂರ್‌ನ ತೋಳು 13 ಗಜದಷ್ಟು ಬಲಿಯುವುದಿಲ್ಲ. ಅದು ಹೆಚ್ಚಾಗಿ ಕಾರ್ಖಾನೆಯ ಸಾಧನೆ.

ಹಿಂದೆ ಸರಿಯುತ್ತಲೇ ಇರುವ ಟೀ

ಅಮೆರಿಕದ ಜಾರ್ಜಿಯಾದಲ್ಲಿರುವ ಆಗಸ್ಟಾ ನ್ಯಾಷನಲ್ ಅಂಗಳದಲ್ಲಿ 1934ರಿಂದ ಮಾಸ್ಟರ್ಸ್ ಟೂರ್ನಿ ನಡೆಯುತ್ತಿದೆ. 1997ರಲ್ಲಿ 21 ವರ್ಷದ ಟೈಗರ್ ವುಡ್ಸ್ 270 ಹೊಡೆತಗಳಲ್ಲಿ ನಾಲ್ಕು ಸುತ್ತು ಮುಗಿಸಿ 12 ಹೊಡೆತಗಳ ಅಂತರದಿಂದ ಗೆದ್ದಾಗ ಅಂಗಳದ ಉದ್ದ 6,925 ಗಜ. 2024ರಲ್ಲಿ 7,555 ಗಜ. ಹೆಚ್ಚಿದ್ದು 630 ಗಜ, ಅರ್ಧ ಕಿಲೋಮೀಟರಿಗೂ ಜಾಸ್ತಿ.

ಅಲ್ಲಿನ 13ನೇ ಹೋಲ್ ಜಗತ್ತಿನ ಸುಂದರ ಹೋಲ್‌ಗಳಲ್ಲಿ ಒಂದು. ಎಡಕ್ಕೆ ಬಾಗುವ ಫೇರ್‌ವೇ, ಗ್ರೀನ್ ಮುಂದೆ ತೊರೆ, ಹಿಂದೆ ಅಝೇಲಿಯಾ ಹೂಗಳು. ಪಾರ್ 5. ಮೆಕೆಂಜಿ ಮತ್ತು ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಇದನ್ನು ಕಟ್ಟಿದ್ದು ಒಂದು ಇಕ್ಕಟ್ಟಿನ ಸುತ್ತ. ಎರಡನೇ ಹೊಡೆತದಲ್ಲಿ ತೊರೆ ದಾಟಿಸಿ ನೇರ ಗ್ರೀನ್ ತಲುಪುವ ಸಾಹಸ ಮಾಡಬೇಕೆ? ತೊರೆಯ ಈಚೆ ನಿಂತು ಮೂರನೆಯದರಲ್ಲಿ ತಲುಪಬೇಕೆ? ಉದ್ದದ ಕೋಲು ಹಿಡಿದು, ಇಳಿಜಾರಿನಲ್ಲಿ ನಿಂತು ತೀರ್ಮಾನಿಸಬೇಕಿತ್ತು. ಆಮೇಲಾಮೇಲೆ ಡ್ರೈವರಿನಿಂದಲೇ ತಿರುವನ್ನು ದಾಟಿಸಿ, ಲೋಹದ ಗಿಡ್ಡ ಕೋಲಾದ ಐರನ್‌ನಲ್ಲಿ ಗ್ರೀನ್‌ಗೆ ಹೊಡೆಯುವುದು ಮಾಮೂಲಾಯಿತು. ಕ್ಲಬ್ ಪಕ್ಕದ ಆಗಸ್ಟಾ ಕಂಟ್ರಿ ಕ್ಲಬ್‌ನಿಂದ ಜಾಗ ಕೊಂಡುಕೊಂಡು, 2023ರಲ್ಲಿ ಟೀಯನ್ನು 35 ಗಜ ಹಿಂದೆ ಸರಿಸಿತು. 510 ಗಜದ ಹೋಲ್ 545 ಗಜವಾಯಿತು. ಹಳೆಯ ಇಕ್ಕಟ್ಟು ಒಂದಿಷ್ಟು ಮರಳಿತು. ನೆರೆಯವರ ನೆಲ ಕೊಳ್ಳುವಷ್ಟು ಹಣ ಆಗಸ್ಟಾ ಬಳಿ ಇತ್ತು. ಇನ್ನೆಷ್ಟು ಕ್ಲಬ್‌ಗಳಿಗೆ ಆ ಭಾಗ್ಯವಿದೆ?

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಗಾಲ್ಫಿನ ತವರು. ಒಂದು ಕಡೆ ಊರು, ಇನ್ನೊಂದು ಕಡೆ ಬೇರೆ ಅಂಗಳಗಳು, ಅದರಾಚೆ ಸಮುದ್ರ. 2010ರ ಓಪನ್‌ಗೆ ಅಲ್ಲಿನ ಹೆಸರಾಂತ 17ನೇ ಹೋಲ್‌ನ ಟೀಯನ್ನು ಅಂಗಳದ ಗಡಿಯಾಚೆಗೇ ಒಯ್ದರು. ಶತಮಾನಗಳಿಂದ ಗಾಳಿ, ಕುರಿ ಮತ್ತು ಮನುಷ್ಯರ ನಡಿಗೆ ಸೇರಿ ರೂಪಿಸಿದ ನೆಲಕ್ಕೂ ಇಂದಿನ ಚೆಂಡು ಹಿಡಿಸುತ್ತಿಲ್ಲ. 7,313 ಗಜಕ್ಕೆ ಬೆಳೆದ ಆ ಅಂಗಳದಲ್ಲಿ 2022ರ ಓಪನ್ ಗೆದ್ದ ಕ್ಯಾಮರಾನ್ ಸ್ಮಿತ್ ಅವರ ಅಂಕ ಪಾರ್‌ಗಿಂತ 20 ಕಡಿಮೆ.

ಉದ್ದವೇ ಕಷ್ಟವಲ್ಲ

ಹಿಗ್ಗಿಸಿದ್ದರಿಂದ ಗುರಿಯಾದರೂ ಈಡೇರಿತೇ? ಅಂಕಗಳು ಹಾಗೆ ಹೇಳುವುದಿಲ್ಲ. ಆಗಸ್ಟಾದಲ್ಲಿ ವುಡ್ಸ್ ಮಾಡಿದ 270ರ ದಾಖಲೆಯನ್ನು 2020ರಲ್ಲಿ ಡಸ್ಟಿನ್ ಜಾನ್ಸನ್ 268ಕ್ಕೆ ಇಳಿಸಿದರು. ಆಗ ಅಂಗಳ 7,475 ಗಜವಿತ್ತು. 550 ಗಜ ಸೇರಿಸಿದ ಮೇಲೂ ಅಂಕ ಇನ್ನಷ್ಟು ಇಳಿಯಿತು.

ಇನ್ನೂ ಸ್ಪಷ್ಟವಾದ ಜೋಡಿಯೊಂದಿದೆ. 2017ರ ಯುಎಸ್ ಓಪನ್ ನಡೆದದ್ದು ವಿಸ್ಕಾನ್ಸಿನ್‌ನ ಎರಿನ್ ಹಿಲ್ಸ್‌ನಲ್ಲಿ, 7,741 ಗಜದ ದೈತ್ಯ ಅಂಗಳದಲ್ಲಿ. ಬ್ರೂಕ್ಸ್ ಕೆಪ್ಕಾ ಪಾರ್‌ಗಿಂತ 16 ಕಡಿಮೆ ಹೊಡೆತಗಳಲ್ಲಿ ಗೆದ್ದರು. ಅದಕ್ಕೂ ನಾಲ್ಕು ವರ್ಷ ಮೊದಲು ಅದೇ ಟೂರ್ನಿ ಫಿಲಡೆಲ್ಫಿಯಾ ಬಳಿಯ ಮೆರಿಯನ್‌ನಲ್ಲಿ ನಡೆದಿತ್ತು. ಹಳೆಯ, ಇಕ್ಕಟ್ಟಾದ ಆ ಅಂಗಳದ ಉದ್ದ 6,996 ಗಜ. ಗೆದ್ದ ಜಸ್ಟಿನ್ ರೋಸ್‌ಗೂ ಪಾರ್ ಮುಟ್ಟಲಾಗಲಿಲ್ಲ, ಅವರ ಅಂಕ ಪಾರ್‌ಗಿಂತ ಒಂದು ಹೆಚ್ಚು. ಓರೆಯಾದ ನೆಲ, ಕಿರಿದಾದ ಫೇರ್‌ವೇ, ದಟ್ಟ ರಫ್, ಏರಿಳಿತದ ಗ್ರೀನ್‌ಗಳು 745 ಗಜದ ಕೊರತೆಯನ್ನು ತುಂಬಿ ಮಿಕ್ಕಿದವು.

ರಫ್ ಬೆಳೆಸಿದರೆ ಸಾಕು ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. 2020ರಲ್ಲಿ ನ್ಯೂಯಾರ್ಕ್ ಬಳಿಯ ವಿಂಗ್ಡ್ ಫುಟ್‌ನಲ್ಲಿ ರಫ್ ಭಯಂಕರವಾಗಿತ್ತು. ಬ್ರೈಸನ್ ಡಿಶಾಂಬೋ 56 ಫೇರ್‌ವೇಗಳಲ್ಲಿ 23ನ್ನು ಮಾತ್ರ ಮುಟ್ಟಿದರು. ಆದರೂ ಆರು ಹೊಡೆತಗಳ ಅಂತರದಿಂದ ಯುಎಸ್ ಓಪನ್ ಗೆದ್ದರು. ಪಾರ್‌ಗಿಂತ ಕಡಿಮೆಯಲ್ಲಿ ಮುಗಿಸಿದವರು ಅವರೊಬ್ಬರೇ. ಅವರ ಲೆಕ್ಕ ಸರಳ. ಹುಲ್ಲಿನಲ್ಲಿ ಹೂತರೂ ಸರಿ, ಗ್ರೀನ್‌ಗೆ ಹತ್ತಿರವಿದ್ದರೆ ಗಿಡ್ಡ ಕೋಲಿನಿಂದ ಎತ್ತಬಹುದು. ಗುರಿಗಿಂತ ಬಲಕ್ಕೆ ಬೆಲೆ ಹೆಚ್ಚಾದಾಗ ಆಟಗಾರ ಬಲವನ್ನೇ ಆರಿಸಿಕೊಳ್ಳುತ್ತಾನೆ. ಅದು ಆಟಗಾರನ ತಪ್ಪಲ್ಲ.

ನಮ್ಮ ದೇಶದಲ್ಲೇ ಇದಕ್ಕೊಂದು ಉತ್ತರವಿದೆ. ದೆಹಲಿ ಗಾಲ್ಫ್ ಕ್ಲಬ್‌ನ ಲೋಧಿ ಅಂಗಳದಲ್ಲಿ ಫೇರ್‌ವೇಗಳ ಇಕ್ಕೆಲಕ್ಕೂ ಮುಳ್ಳಿನ ಪೊದೆಗಳ ಕಾಡು. ಒಳಗೆ ಹೋದ ಚೆಂಡು ಸಿಕ್ಕರೂ ಹೊಡೆಯಲು ದಾರಿಯಿಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ಆಡಲು ಬಂದ ಮೆಕಿಲ್ರಾಯ್ ಡ್ರೈವರನ್ನು ಪಕ್ಕಕ್ಕಿಟ್ಟರು. ಗೆದ್ದದ್ದು ನಿಖರ ಹೊಡೆತಕ್ಕೆ ಹೆಸರಾದ ಟಾಮಿ ಫ್ಲೀಟ್‌ವುಡ್. ಅವರ ಅಂಕ ಪಾರ್‌ಗಿಂತ 22 ಕಡಿಮೆ, ನಿಜ. ಆದರೆ ಅಲ್ಲಿ ಗೆಲುವನ್ನು ತೀರ್ಮಾನಿಸಿದ್ದು ದೂರವಲ್ಲ. ಜಗತ್ತಿನ ಅತಿ ಬಲಶಾಲಿ ಹೊಡೆತಗಾರರಲ್ಲಿ ಒಬ್ಬರಾದವರೂ ಪ್ರತಿ ಟೀಯಲ್ಲಿ ನಿಂತು ಯೋಚಿಸಬೇಕಾಯಿತು.

ಅದಿತಿ ಕಲಿಸಿದ್ದು

2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಆ ಬೆಳಗುಗಳನ್ನು ಕನ್ನಡಿಗರು ಮರೆತಿರಲಾರರು. ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನವೂ ಪದಕದ ಪೈಪೋಟಿಯಲ್ಲಿದ್ದರು. ಆಗ ಅವರ ವಿಶ್ವ ರ‍್ಯಾಂಕಿಂಗ್ 200. ಕಣದಲ್ಲಿದ್ದ 60 ಆಟಗಾರ್ತಿಯರ ಪೈಕಿ ತೀರಾ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರು. ಉಳಿದವರು ಗಿಡ್ಡ ಐರನ್ ಹಿಡಿಯುವಲ್ಲಿ ಅವರು ಉದ್ದದ ಕೋಲು ಹಿಡಿಯಬೇಕಿತ್ತು. ಅವರನ್ನು ಕಾಯ್ದದ್ದು ಪಟರ್ ಎಂಬ ಚೆಂಡುರುಳಿಸುವ ಕೋಲು. ಗ್ರೀನ್ ಮೇಲೆ ಅವರಷ್ಟು ನಂಬಿಕೆಯಿಂದ ಚೆಂಡುರುಳಿಸಿದವರು ಅಲ್ಲಿ ಇರಲಿಲ್ಲ. ತಾಯಿ ಮಹೇಶ್ವರಿ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿ ಜೊತೆಗಿದ್ದರು. ಪಾರ್‌ಗಿಂತ 15 ಕಡಿಮೆ ಹೊಡೆತಗಳಲ್ಲಿ ಮುಗಿಸಿದ ಅದಿತಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಹೊಡೆತದಿಂದ.

ಗಾಲ್ಫ್ ಬೇರೆ ಆಟಗಳಿಗಿಂತ ಭಿನ್ನವಾಗಿರುವುದೇ ಇಲ್ಲಿ. ಬಲವುಳ್ಳವರು, ನಿಖರ ಕೈಯವರು, ಗಾಳಿ ಓದಬಲ್ಲವರು, ಗ್ರೀನ್‌ನ ವಾಲು ಬಲ್ಲವರು ಒಂದೇ ಅಂಗಳದಲ್ಲಿ ಸರಿಸಮವಾಗಿ ನಿಲ್ಲಬಹುದು. ಅಂಗಳ ಉದ್ದವಾದಂತೆ ಈ ಸಮಬಲ ತಪ್ಪುತ್ತದೆ. ದೂರ ಹೊಡೆಯುವವನಿಗೆ ಹೊಸ ಟೀ ಹೆಚ್ಚೇನೂ ಭಾರವಾಗುವುದಿಲ್ಲ. ಆಟದ ಬಾಗಿಲು ಮುಚ್ಚುವುದು ಗಿಡ್ಡ ಹೊಡೆತದವನಿಗೆ. ಅದಿತಿಯಂಥ ಕೌಶಲಕ್ಕೆ ಜಾಗ ಉಳಿಯಬೇಕಾದರೆ ದೂರಕ್ಕೊಂದು ಎಲ್ಲೆ ಬೇಕು.

ನೆಲ ಎಲ್ಲಿದೆ, ನೀರು ಎಲ್ಲಿದೆ?

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಬ್ರಿಟಿಷ್ ದ್ವೀಪಗಳ ಹೊರಗೆ ಇರುವ ಅತಿ ಹಳೆಯ ಗಾಲ್ಫ್ ಕ್ಲಬ್‌ಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ. ಹೈಗ್ರೌಂಡ್ಸ್‌ನ ಆ ಅಂಗಳದ ಸುತ್ತ ಇಂದು ರಸ್ತೆ, ಕಟ್ಟಡ, ವಾಹನಗಳ ಸಾಲು. ಹಳೆಯ ವಿಮಾನ ನಿಲ್ದಾಣದ ರಸ್ತೆಯ ಬಳಿಯಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳವನ್ನೂ ನಗರ ಸುತ್ತುವರಿದಿದೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಅಂಗಳ ರೇಸ್‌ಕೋರ್ಸ್‌ಗೆ ಅಂಟಿಕೊಂಡಿದೆ. ಇಲ್ಲೆಲ್ಲ ಟೀ ಹಿಂದಕ್ಕೆ ಸರಿಸಲು ಜಾಗವೇ ಇಲ್ಲ.

ಜಾಗದ ಜೊತೆಗೆ ಸುರಕ್ಷತೆಯ ಪ್ರಶ್ನೆಯೂ ಇದೆ. ಗುರಿಯಿಂದ 10 ಡಿಗ್ರಿ ತಪ್ಪಿದ ಚೆಂಡು 230 ಗಜ ಹೋದರೆ ಬದಿಗೆ ಸರಿಯುವುದು ಸುಮಾರು 40 ಗಜ. ಅದೇ ತಪ್ಪು, 300 ಗಜದ ಹೊಡೆತವಾದರೆ 52 ಗಜ. ಆ ಹನ್ನೆರಡು ಗಜದಲ್ಲಿ ಪಕ್ಕದ ಫೇರ್‌ವೇ ಇರಬಹುದು, ಬೇಲಿಯಾಚೆಯ ರಸ್ತೆ ಇರಬಹುದು. ಗರಿಷ್ಠ 45.93 ಗ್ರಾಂ ತೂಗುವ ಗಟ್ಟಿ ಚೆಂಡು ತಲೆಗೆ ಬಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಇನ್ನು ನೀರು. ಅಂಗಳ ಬೆಳೆದರೆ ಕತ್ತರಿಸಬೇಕಾದ ಹುಲ್ಲು ಹೆಚ್ಚು, ಉಣಿಸಬೇಕಾದ ನೀರು ಹೆಚ್ಚು. ಗೊಬ್ಬರ, ಔಷಧಿ, ಡೀಸೆಲ್, ಕೂಲಿಯ ಖರ್ಚೂ ಹೆಚ್ಚು. ಆಡುವ ಹೊತ್ತೂ ಉದ್ದವಾಗುತ್ತದೆ, ಏಕೆಂದರೆ ಒಂದು ಗ್ರೀನ್‌ನಿಂದ ಮುಂದಿನ ಟೀಗೆ ಹಿಂದಕ್ಕೆ ನಡೆದು ಹೋಗಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಕುಡಿಯುವ ನೀರಿಗೆ ಪರದಾಡಿತು. ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಇಂಥ ನಗರದಲ್ಲಿ ಗಾಲ್ಫ್ ಉಳಿಯಬೇಕಾದರೆ ಸಂಸ್ಕರಿಸಿದ ನೀರಲ್ಲಿ ಬದುಕಲು ಕಲಿಯಬೇಕು, ಇರುವ ನೆಲದಲ್ಲೇ ತೃಪ್ತಿಪಡಬೇಕು.

ಚೆಂಡಿಗೆ ಬಂದ ಹೊಸ ನಿಯಮ

ಗಾಲ್ಫಿನ ನಿಯಮ ರೂಪಿಸುವ ಸಂಸ್ಥೆಗಳು ಎರಡು. ಅಮೆರಿಕದ ಯುಎಸ್‌ಜಿಎ ಮತ್ತು ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ. ಚೆಂಡಿನ ಒಟ್ಟು ದೂರಕ್ಕೆ 1976ರಿಂದಲೇ ಒಂದು ಮಿತಿಯಿತ್ತು. ಆದರೆ ಅದನ್ನು ಅಳೆಯುವ ಪರೀಕ್ಷೆ ಆಟದ ವೇಗಕ್ಕಿಂತ ಹಿಂದೆ ಬಿದ್ದಿತ್ತು. 2020ರ ಫೆಬ್ರವರಿಯಲ್ಲಿ ಎರಡೂ ಸಂಸ್ಥೆಗಳು ದೂರದ ಕುರಿತ ವರದಿ ಹೊರತಂದವು. ದೂರ ಏರುವುದೂ ಅಂಗಳ ಹಿಗ್ಗುವುದೂ ಹೀಗೇ ಸಾಗಿದರೆ ಆಟಕ್ಕೆ ಕೇಡು ಎಂಬುದು ಅದರ ಸಾರ. 2023ರ ಡಿಸೆಂಬರ್‌ನಲ್ಲಿ ನಿರ್ಧಾರ ಹೊರಬಿತ್ತು.

ಮಿತಿ ಹಳೆಯದೇ, 317 ಗಜ, ಜೊತೆಗೆ 3 ಗಜದ ವಿನಾಯಿತಿ. ಬದಲಾದದ್ದು ಪರೀಕ್ಷೆ. ಮೊದಲು ಕೋಲಿನ ತಲೆ ಗಂಟೆಗೆ 120 ಮೈಲಿ ವೇಗದಲ್ಲಿ ತಾಗಿದಾಗ ಚೆಂಡು ಈ ಮಿತಿಯೊಳಗೆ ಇರಬೇಕಿತ್ತು. ಇನ್ನು 125 ಮೈಲಿ, ಅಂದರೆ ಸುಮಾರು 201 ಕಿಲೋಮೀಟರ್ ವೇಗದಲ್ಲಿ ತಾಗಿದಾಗಲೂ ಇರಬೇಕು. ಸಂಸ್ಥೆಗಳ ಅಂದಾಜಿನಂತೆ ಅತಿ ದೂರ ಹೊಡೆಯುವವರು ಕಳೆದುಕೊಳ್ಳುವುದು 13ರಿಂದ 15 ಗಜ, ವೃತ್ತಿಪರ ಮಹಿಳೆಯರು 5ರಿಂದ 7 ಗಜ, ಹವ್ಯಾಸಿಗಳು 5 ಗಜಕ್ಕಿಂತ ಕಡಿಮೆ. ಆ ಘೋಷಣೆಯಂತೆ ಉನ್ನತ ಸ್ಪರ್ಧೆಗಳಿಗೆ 2028ರ ಜನವರಿಯಿಂದ, ಉಳಿದವರಿಗೆ 2030ರ ಜನವರಿಯಿಂದ ಜಾರಿ.

ವಿರೋಧ ಜೋರಾಗಿಯೇ ಬಂತು. ಚೆಂಡು ತಯಾರಕರು ಒಪ್ಪಲಿಲ್ಲ. ವೃತ್ತಿಪರರಿಗೆ ಮಾತ್ರ ಬೇರೆ ಚೆಂಡು ಎಂಬ ಮೊದಲ ಪ್ರಸ್ತಾಪವನ್ನು ಪಿಜಿಎ ಟೂರ್ ತಳ್ಳಿಹಾಕಿತು. ಜನ ನೋಡಲು ಬರುವುದೇ ಉದ್ದದ ಹೊಡೆತವನ್ನು, ಅದನ್ನೇ ಕಿತ್ತುಕೊಂಡರೆ ಹೇಗೆ ಎಂದು ಕೆಲವರು ಕೇಳಿದರು. ಬೆವರು ಸುರಿಸಿ ಗಳಿಸಿದ ಬಲಕ್ಕೆ ದಂಡ ಹಾಕಬೇಡಿ ಎಂದು ಇನ್ನು ಕೆಲವರು ಹೇಳಿದರು. ಈ ಮಾತುಗಳಲ್ಲಿ ಹುರುಳಿದೆ. ಆದರೆ ಹೊಸ ನಿಯಮದಲ್ಲೂ ಬಲಶಾಲಿಯ ಚೆಂಡೇ ಉಳಿದವರದಕ್ಕಿಂತ ಮುಂದೆ ಬೀಳುತ್ತದೆ. ಎಲ್ಲರ ಚೆಂಡೂ ಒಟ್ಟಿಗೆ ಹಿಂದೆ ಸರಿಯುತ್ತದೆ, ಅಷ್ಟೆ. ದೂರದ ಹೊಡೆತದಿಂದ ಹೆಚ್ಚು ಲಾಭ ಪಡೆಯುವವರಲ್ಲಿ ಒಬ್ಬರಾದ ಮೆಕಿಲ್ರಾಯ್ ಅವರೇ ಈ ನಿಯಮವನ್ನು ಬೆಂಬಲಿಸಿದರು. ಹಿಂದಿನ ತಲೆಮಾರಿನ ದಿಗ್ಗಜ ಆಟಗಾರ ಜ್ಯಾಕ್ ನಿಕ್ಲಾಸ್ ದಶಕಗಳಿಂದ ಇದನ್ನೇ ಕೇಳುತ್ತಿದ್ದರು. ಕ್ರಿಕೆಟ್ ಕೂಡ 2017ರಲ್ಲಿ ಬ್ಯಾಟಿನ ಅಂಚನ್ನು 40 ಮಿಲಿಮೀಟರಿಗೆ ಕಟ್ಟಿಹಾಕಿತು. ಸಿಕ್ಸರ್ ನಿಂತಿಲ್ಲ.

ಹೊಸ ನಿಯಮ ಅತಿಯಾಯಿತು ಎನ್ನುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಕಡಿಮೆಯಾಯಿತು. 1980ರಿಂದ 43 ಗಜ ಗಳಿಸಿದ ಆಟ ಹೆಚ್ಚೆಂದರೆ ಹದಿನೈದು ಗಜ ಬಿಟ್ಟುಕೊಟ್ಟರೆ ಮೆರಿಯನ್ನಿನ ಬಂಕರುಗಳೆಲ್ಲ ಮತ್ತೆ ಜೀವ ತಳೆಯುವುದಿಲ್ಲ. ಆದರೂ ಏರುತ್ತಲೇ ಇದ್ದ ಗೆರೆಯನ್ನು ಬಾಗಿಸುವ ಮೊದಲ ಗಟ್ಟಿ ಹೆಜ್ಜೆ ಇದು. ಇದನ್ನು ಸಡಿಲಿಸಲು ಬಿಡಬಾರದು.

ನಮ್ಮ ಕ್ಲಬ್‌ಗಳ ಪಾಲಿನ ಕೆಲಸಕ್ಕೆ 2030ರವರೆಗೆ ಕಾಯಬೇಕಿಲ್ಲ. ಸಾಮಾನ್ಯ ಕ್ಲಬ್ ಆಟಗಾರನ ಡ್ರೈವ್ ಸುಮಾರು 215 ಗಜ. ಟಿ.ವಿ.ಯಲ್ಲಿ ಕಂಡದ್ದಕ್ಕೆ ಮರುಳಾಗಿ ಅವನು ಹಿಂದಿನ ಟೀಯಿಂದ ಆಡುವುದರಲ್ಲಿ ಅರ್ಥವಿಲ್ಲ. ಮುಂದಿನ ಟೀಯಿಂದ ಆಡಿದರೆ ಹೊತ್ತು ಉಳಿಯುತ್ತದೆ, ಬಂಕರುಗಳು ವಿನ್ಯಾಸಕ ಬಯಸಿದ ಜಾಗದಲ್ಲೇ ಎದುರಾಗುತ್ತವೆ, ಆಟದ ಖುಷಿಯೂ ಹೆಚ್ಚುತ್ತದೆ. ಹೊಸ ಟೀ ಕಟ್ಟಲು ಎತ್ತಿಟ್ಟ ಹಣವನ್ನು ಆಡಳಿತ ಮಂಡಳಿಗಳು ಹಳೆಯ ಮರಗಳ ರಕ್ಷಣೆಗೆ, ನೀರಿನ ಮರುಬಳಕೆಗೆ, ಮಹಿಳೆಯರಿಗೂ ಮಕ್ಕಳಿಗೂ ಹೊಂದುವ ಟೀಗಳಿಗೆ ಖರ್ಚು ಮಾಡಲಿ. ಚೆಂಡನ್ನು ಹೊಸದಾಗಿ ಅಚ್ಚು ಹಾಕಬಹುದು, ನೆಲವನ್ನು ಹಾಗೆ ಮಾಡಲಾಗದು. ಬದಲಾಗಬೇಕಾದುದು ಚೆಂಡು.